ಮೃತ್ಯುಪತ್ರದಾಗ ವೈದ್ಯಕೀಯ ಸಂಶೋಧನೆಗೆ ದುಡ್ಡು ಬಿಟ್ಟು ಹೋಗೂದು ಹೆಂಗ?

ಪ್ರಶ್ನೆ: ನಾನು ಜಮಖಂಡಿ ಕಡಿ ಒಂದು ಹಳ್ಳಿಯಾಂವ, ಹೈಸ್ಕೂಲ್ ಮಾಸ್ತರ ಆಗಿ ರಿಟೈರ್ ಆಗೇನಿ, ವಯಸ್ಸು 69. ನಾನು ಸಣ್ಣಾಂವ ಇದ್ದಾಗ ನಮ್ಮ ಅಕ್ಕ ಚೊಚ್ಚಲ ಹೆರಿಗ್ಯಾಗ ರಕ್ತ ಹೋಗಿ ತೀರ್ಕೊಂಡ್ಲು. ನಂದು ಸ್ವಂತ ಮನಿ, ಬ್ಯಾಂಕಿನ್ಯಾಗ ಎಫ್‌ಡಿ, ಅಜ್ಜನ ಕಾಲದಿಂದ ಬಂದ 4 ಎಕರೆ ಹೊಲ ಐತಿ. ಹೆಂಡ್ತಿ ಅದಾಳ, ಮಗ ಪುಣೆದಾಗ, ಮಗಳು ಹುಬ್ಬಳ್ಳ್ಯಾಗ. ಅಕ್ಕನಂಥವರ ಸಾವು ತಪ್ಪಿಸೂ ಸಂಶೋಧನೆಗೆ ಏನಾರ ಬಿಟ್ಟು ಹೋಗಬೇಕಂತ ಭಾಳ ಆಸೆ. ಮಗ ಅಂತಾನ, ಸಂಶೋಧನೆ ಅಂದ್ರ ದಿಲ್ಲಿ ಬೆಂಗಳೂರಿನವರ ಕೆಲಸ, ನಮ್ಮ 5-10 ಲಕ್ಷ ಯಾ ಮೂಲಿಗೆ ಸಾಕಾಗ್ತೈತಿ, ಊರ ಗುಡಿಗೆ ಕೊಟ್ಟುಬಿಡು ಅಂತ. ಮೃತ್ಯುಪತ್ರದಾಗ ಹಿಂಗ ಬರೀಬಹುದಾ, ಮಕ್ಕಳ ಒಪ್ಪಿಗಿ ಬೇಕಾ, ಟ್ಯಾಕ್ಸ್ ಏನಾರ ಉಳೀತೈತಾ?

ಉತ್ತರ: ಮೊದಲ ಸಣ್ಣ ಉತ್ತರ ಕೊಟ್ಟುಬಿಡ್ತೇನಿ ಮಾಸ್ತರ್ರ. ಬರೀಬಹುದು, ನಡೀತೈತಿ, ನೀವು ಸ್ವಂತ ದುಡದ ಗಳಿಸಿದ್ದಕ್ಕ ಯಾರ ಒಪ್ಪಿಗಿನೂ ಬೇಕಾಗಿಲ್ಲ, ಟ್ಯಾಕ್ಸ್ ಮಾತ್ರ ಉಳಿಯೂದಿಲ್ಲ. ಹೊಲದ ಮಾತು ಬ್ಯಾರೆ, ಮುಂದ ಹೇಳ್ತೇನಿ. ಬೆಳಗಾವಿ ಕೋರ್ಟಿನ್ಯಾಗ ಸಿವಿಲ್ ಕೇಸ್ ನೋಡ್ಕೋತ ಬಂದಿದ್ರಾಗ ನನಗ ಖಾತ್ರಿ ಆಗಿದ್ದೇನಂದ್ರ, ಇಂಥ ದಾನ ಕೆಟ್ಟು ಹೋಗೂದು ಹೆಚ್ಚಾಗಿ ಆ ದಾನದ ಒಂದು ಸಾಲನ್ನ ಸರಿಯಾಗಿ ಬರೀದ ಇದ್ದದ್ದಕ್ಕ, ಹಂಗಾಗಿ ಆ ಸಾಲಿನ ಬಗ್ಗೆನ ಜಾಸ್ತಿ ಬರೀತೇನಿ.

ಅದಕ್ಕೂ ಮೊದಲ ನಿಮ್ಮ ಮಗನ ಮಾತಿಗೆ ಬರ್ತೇನಿ, ಯಾಕಂದ್ರ ನಿಮ್ಮ ಅಕ್ಕ ಯಾವ ಕಾರಣಕ್ಕ ತೀರ್ಕೊಂಡ್ರೋ ಅದರ ಮ್ಯಾಲಿನ ಒಂದು ದೊಡ್ಡ ಸಂಶೋಧನೆ ಆಗಿದ್ದು ನಮ್ಮ ಬೆಳಗಾವಿ ಜಿಲ್ಲಾದ ಹಳ್ಳಿಗೋಳಾಗ, ಇದು ನಮ್ಮ ಕಡಿ ಭಾಳ ಮಂದಿಗೆ ಗೊತ್ತೇ ಇಲ್ಲ. ಇಲ್ಲಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರು ಅಮೆರಿಕಾದ ಸಂಶೋಧಕರ ಜೋಡಿ ಸೇರಿ 2002ರಿಂದ 2005ರ ತನಕ 1620 ಹೆಣ್ಮಕ್ಕಳ ಹೆರಿಗೆಯನ್ನ ಈ ಅಧ್ಯಯನದಾಗ ತೊಗೊಂಡ್ರು. ಹೆರಿಗೆ ಮಾಡ್ಸಿದವರು ನಮ್ಮ ಎಎನ್‌ಎಂ ಸಿಸ್ಟರ್‌ಗೋಳ, ಮನ್ಯಾಗ ಇಲ್ಲಾ ಸಬ್‌ಸೆಂಟರಿನ್ಯಾಗ, ದೊಡ್ಡ ಆಸ್ಪತ್ರೆಯೊಳಗಲ್ಲ. ಕೂಸು ಹುಟ್ಟಿದ ಕೂಡ್ಲೇ ಅರ್ಧ ಮಂದಿಗೆ ರಕ್ತ ಹೋಗೂದನ್ನ ತಡಿಯೂ ಮಿಸೊಪ್ರೊಸ್ಟಾಲ್ ಅನ್ನೂ ಗುಳಿಗಿ, ಉಳಿದ ಅರ್ಧ ಮಂದಿಗೆ ಅದರಂಗ ಕಾಣೂ ಆದ್ರ ಔಷಧಿ ಇಲ್ಲದ ಗುಳಿಗಿ, ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ. ಬಾಣಂತಿ ಕೆಳಗ ಅಳತಿ ಗೆರಿ ಹಾಕಿದ ಪ್ಲಾಸ್ಟಿಕ್ ಹಾಸು ಇಟ್ಟು ಎಷ್ಟು ರಕ್ತ ಹೋತು ಅಂತ ಮಿಲಿಲೀಟರ್ ಲೆಕ್ಕದಾಗ ಬರಕೊಂಡ್ರು, ಕಣ್ಣಂದಾಜಿಲೆ ಹೇಳಿದ್ದಲ್ಲ. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ಔಷಧಿ ಇಲ್ಲದವರೊಳಗ ನೂರಕ್ಕ 12, ಗುಳಿಗಿ ತೊಗೊಂಡವರೊಳಗ ನೂರಕ್ಕ 6.4, ಅಂದ್ರ ಹೆಚ್ಚುಕಡಿಮಿ ಅರ್ಧ. ಜೀವಕ್ಕ ಕುತ್ತು ತರೂ ಹಂಗ ಒಂದು ಲೀಟರ್ ಮ್ಯಾಲ ಹೋಗೂದು ನೂರಕ್ಕ 1.2ರಿಂದ 0.2ಕ್ಕ ಇಳೀತು. 2006ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆಯೊಳಗ ಇದು ಪ್ರಕಟ ಆತು. ಇದೇ ಕೆಲಸಕ್ಕ ಕೊಡೂ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಸೂಜಿ ಚುಚ್ಚೂ ಕೈ ಬೇಕು, ಈ ಗುಳಿಗಿಗೆ ಅವೆರಡೂ ಬ್ಯಾಡ, ಕರೆಂಟ್ ಇಲ್ಲದ ಹಳ್ಳ್ಯಾಗ ಅದರ ಬೆಲಿ ಏನು ಅಂತ ನಿಮಗ ನಾ ಹೇಳಬೇಕಾಗಿಲ್ಲ. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕ ಈ ಗುಳಿಗಿಯನ್ನ ತನ್ನ ಅತ್ಯಗತ್ಯ ಔಷಧಿ ಪಟ್ಟಿಗೆ ಸೇರಿಸ್ತು.

ಇಷ್ಟು ದೊಡ್ಡ ಅಧ್ಯಯನಕ್ಕ ದುಡ್ಡು ಬಂದಿದ್ದು ಅಮೆರಿಕಾ ಸರ್ಕಾರದ ಸಂಶೋಧನಾ ಸಂಸ್ಥೆಯಿಂದ ಮತ್ತ ಗೇಟ್ಸ್ ಫೌಂಡೇಶನ್‌ನಿಂದ, ಅಂಥಾದ್ದನ್ನ ಒಬ್ಬ ಮಾಸ್ತರ ನಡಸಾಕ ಆಗೂದಿಲ್ಲ, ಅದು ಖರೆ. ಆದ್ರ ದೊಡ್ಡ ಗ್ರ್ಯಾಂಟ್ ಕೇಳಾಕ ಹೋಗೂ ಮೊದಲ ಕೈಯಾಗ ಒಂದು ಸಣ್ಣ ಅಧ್ಯಯನದ ಫಲಿತಾಂಶ ಇರಬೇಕಾಗ್ತೈತಿ, ಆ ಸಣ್ಣ ಅಧ್ಯಯನಕ್ಕ ದುಡ್ಡು ಸಿಗೂದು ಕಷ್ಟ. ಪಿಜಿ ಓದೂ ಹುಡುಗಿ ಒಬ್ಬಾಕಿ ತನ್ನ ಥೀಸಿಸ್‌ಗೆ ರಕ್ತ ಪರೀಕ್ಷೆ ಕಿಟ್ ತರಸೂದಿರ್ತೈತಿ, ಹಳ್ಳಿ ಹಳ್ಳಿ ತಿರುಗಿ ಮಾಹಿತಿ ತೊಗೊಂಡು ಬರಾಕ ಒಬ್ಬ ಫೀಲ್ಡ್ ವರ್ಕರ್‌ಗೆ ಪಗಾರ ಕೊಡೂದಿರ್ತೈತಿ, ಅಲ್ಲಿ 50 ಸಾವಿರ, ಲಕ್ಷ ಅನ್ನೂದು ದೊಡ್ಡ ಮೊತ್ತನ. ನೀವು 10 ಲಕ್ಷ ಬಿಟ್ರಿ, ಅದು ಮೂಲಧನ ಆಗಿ ಉಳಕೊಂಡು ಬಡ್ಡಿ 7 ಪರ್ಸೆಂಟ್ ಬಂತು ಅಂತ ಹಿಡದ್ರ ವರ್ಷಕ್ಕ 70 ಸಾವಿರ, ಅಷ್ಟರಾಗ ವರ್ಷಕ್ಕೊಂದು ಥೀಸಿಸ್ ಖರ್ಚು ಹೊಂಡಬಹುದು. ಇಂಥ ಕೆಲಸ ಆಗೂ ಜಾಗ ನಿಮಗ ದೂರಿಲ್ಲ, ಬಾಗಲಕೋಟಿಯೊಳಗ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಐತಿ, ವಿಜಯಪುರದಾಗ ಬಿಎಲ್‌ಡಿಇದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಮತ್ತ ಅಲ್-ಅಮೀನ್ ಅದಾವ, ಬೆಳಗಾವ್ಯಾಗ ಮ್ಯಾಲ ಹೇಳಿದ ಕಾಲೇಜಿನ ಜೋಡಿ ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್ ಐತಿ, ಐಸಿಎಂಆರ್ ಅಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯಕೀಯ ಸಂಸ್ಥೆನೂ ಇಲ್ಲೇ ಐತಿ. ಇವುಗಳೊಳಗ ಇಂಥಾದ್ದಕ್ಕ ಕೊಡ್ರಿ ಅಂತ ನಾ ಹೇಳೂದಿಲ್ಲ, ಆರಿಸೂದು ನಿಮ್ಮ ಕೆಲಸ.

ಮೃತ್ಯುಪತ್ರ ಬರದು ಆಸ್ತಿ ಸಮಾಜಕ್ಕ ಬಿಡೂದೂ ನಮ್ಮ ನಾಡಿಗೆ ಹೊಸಾದಲ್ಲ. ಸವದತ್ತಿ ಸೀಮ್ಯಾಗಿನ ಸಿರಸಂಗಿ ಲಿಂಗರಾಜ ದೇಸಾಯರು 1906ರಾಗ ತೀರ್ಕೊಂಡಾಗ ತಮ್ಮ ಆಸ್ತಿಯನ್ನ ಸಮಾಜದ ಮಕ್ಕಳ ಶಿಕ್ಷಣಕ್ಕಂತ ಬರದು ಇಟ್ಟಿದ್ರು, ಅದರಿಂದ ಆದ ಟ್ರಸ್ಟಿನ ಸ್ಕಾಲರ್‌ಶಿಪ್ ಮ್ಯಾಲ ಓದಿ ಬಂದ ಮಂದಿ ಈ ಭಾಗದಾಗ ಎಷ್ಟೋ, ಬೆಳಗಾವಿ ಲಿಂಗರಾಜ ಕಾಲೇಜಿಗೆ ಹೆಸರು ಬಂದಿದ್ದೂ ಅವರಿಂದನ. ಅವರು ಶಿಕ್ಷಣಕ್ಕ ಮಾಡಿದ್ದನ್ನ ನೀವು ಬಾಣಂತ್ಯಾರ ಜೀವಕ್ಕ ಮಾಡಾಕ ಹೊಂಟೀರಿ ಅಂತ ಮಗನಿಗೆ ಹೇಳ್ರಿ, ಗುಡಿಗೆ ಕೊಡೂದಿದ್ರ ಅದನ್ನ ಬ್ಯಾರೆ ಸಾಲಿನ್ಯಾಗ ಬರದ್ರಾತು, ಒಂದಕ್ಕೊಂದು ಅಡ್ಡ ಬರೂದಿಲ್ಲ.

ಈಗ ಆ ಸಾಲಿನ ವಿಷಯ. ನನ್ನ ಕಡಿ ಬಂದಿದ್ದ ಒಂದು ಕೇಸಿನ್ಯಾಗ ವಯಸ್ಸಾದ ಅಮ್ಮ ಒಬ್ರು ಬರಸಿದ್ರು, "ನನ್ನ ಎಫ್‌ಡಿ ಒಳಗ ಅರ್ಧ ಬೆಳಗಾವಿ ದೊಡ್ಡ ದವಾಖಾನಿಗೆ, ಕ್ಯಾನ್ಸರ್ ಔಷಧಿ ಕಂಡು ಹಿಡ್ಯಾಕ" ಅಂತ. ಇಷ್ಟ. ದೊಡ್ಡ ದವಾಖಾನಿ ಅಂದ್ರ ಅವರ ಕಾಲದವರಿಗೆ ಸಿವಿಲ್ ಹಾಸ್ಪಿಟಲ್, ಅವರ ಮೊಮ್ಮಕ್ಕಳಿಗೆ ಬ್ಯಾರೆ ಆಸ್ಪತ್ರೆ, ಬ್ಯಾಂಕಿನವರು ಕೋರ್ಟ್ ಆರ್ಡರ್ ತೊಗೊಂಡು ಬರ್ರಿ ಅಂದ್ರು, ಯಾವ ಆಸ್ಪತ್ರೆಯೂ ಮುಂದ ಬಂದು ಇದು ನಮ್ದು ಅಂತ ಕೇಳ್ಲಿಲ್ಲ ಯಾಕಂದ್ರ ಯಾರಿಗೂ ಗೊತ್ತೇ ಇರ್ಲಿಲ್ಲ, ಕಡಿಗೆ ಆ ದುಡ್ಡು ವಾರಸುದಾರರೊಳಗ ಹಂಚಿ ಹೋತು, ಅಮ್ಮನ ಆಸೆ ಕಾಗದದ ಮ್ಯಾಲ ಉಳೀತು. ಬರೇ "ಧರ್ಮಕ್ಕ ಕೊಡ್ರಿ" ಅಂತ ಬರೆಯೂದಂತೂ ಇನ್ನೂ ಕೆಟ್ಟದ್ದು, 1899ರಾಗ ಮುಂಬೈ ಕಡಿಯ ಒಂದು ಕೇಸಿನ್ಯಾಗ ಆಗಿನ ಎಲ್ಲಾಕ್ಕಿಂತ ಮ್ಯಾಲಿನ ಕೋರ್ಟ್ ಆದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಂಗ ಬರದದ್ದು ಅಸ್ಪಷ್ಟ, ಜಾರಿ ಮಾಡಾಕ ಬರೂದಿಲ್ಲ ಅಂತ ಹೇಳಿ ರದ್ದು ಮಾಡೈತಿ.

ಹಂಗಾಗಿ ಸಂಸ್ಥೆಯ ಕಾನೂನಿನ ಹೆಸರು ಬರೀಬೇಕು, ಬೋರ್ಡಿನ ಮ್ಯಾಲಿನ ಹೆಸರಲ್ಲ. ಆಸ್ಪತ್ರೆ ಒಂದು ಹೆಸರಿನ್ಯಾಗ ಇರ್ತೈತಿ, ಅದನ್ನ ನಡಸೂ ಸೊಸೈಟಿ ಅಥವಾ ಟ್ರಸ್ಟ್ ಇನ್ನೊಂದು ಹೆಸರಿನ್ಯಾಗ, ಅದರ ಡೀಮ್ಡ್ ಯೂನಿವರ್ಸಿಟಿ ಮತ್ತೊಂದು, ಪ್ಯಾನ್ ಯಾರ ಹೆಸರಿಗೆ ಐತಿ ಅಂತ ಆಫೀಸಿಗೆ ಹೋಗಿ ಕೇಳಿ ಬರಕೊಳ್ರಿ. ಸಾಲು ಹೆಚ್ಚುಕಡಿಮಿ ಹಿಂಗ ಬರಲಿ:

"ನನ್ನ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ನನ್ನ ಹೆಸರಿನ ಎಲ್ಲ ಬ್ಯಾಂಕ್ ಠೇವಣಿಗಳಲ್ಲಿ ಉಳಿದ ಮೊತ್ತದ ನೂರಕ್ಕೆ 25 ಭಾಗವನ್ನು ಇಂಥ ಸಂಸ್ಥೆಗೆ, ನೋಂದಣಿ ಸಂಖ್ಯೆ ಇಂತಿಷ್ಟು, ಪ್ಯಾನ್ ಇಂತಿಷ್ಟು, ವಿಳಾಸ ಇಂಥದ್ದು, ಕೊಡತಕ್ಕದ್ದು. ಇದನ್ನು ಹೆರಿಗೆ ಕಾಲದ ರಕ್ತಸ್ರಾವದ ಕುರಿತ ಸಂಶೋಧನೆಗೆ ಬಳಸಬೇಕು. ಆ ಹೊತ್ತಿಗೆ ಅಲ್ಲಿ ಅಂಥ ಸಂಶೋಧನೆ ನಡೆಯದಿದ್ದರೆ ತಾಯಿ ಮತ್ತು ಮಗುವಿನ ಆರೋಗ್ಯದ ಬೇರೆ ಸಂಶೋಧನೆಗೆ ಬಳಸಬಹುದು, ಕಟ್ಟಡ ಕಟ್ಟಲು ಬಳಸಬಾರದು. ಆ ಸಂಸ್ಥೆ ಆಗ ಇರದಿದ್ದರೆ ಇದೇ ಉದ್ದೇಶದ ಇನ್ನೊಂದು ಧರ್ಮಾರ್ಥ ಸಂಸ್ಥೆಯನ್ನು ನನ್ನ ಎಕ್ಸಿಕ್ಯೂಟರ್ ಆರಿಸತಕ್ಕದ್ದು."

ಎಕ್ಸಿಕ್ಯೂಟರ್ ಅಂದ್ರ ನಿಮ್ಮ ನಂತರ ಮೃತ್ಯುಪತ್ರದಾಗ ಬರದಂಗ ಎಲ್ಲಾ ನಡಸೂ ಜವಾಬ್ದಾರಿ ಹೊತ್ತವರು. ಇದರಾಗ ಎರಡು ಮಾತು ಬೇಕಂತನ ಹಾಕೇನಿ. ಮೊದಲನೇದು, ಮೊತ್ತ ಬರೀದ ಪರ್ಸೆಂಟ್ ಬರದದ್ದು. ಇವತ್ತು 5 ಲಕ್ಷ ಅಂತ ಬರದು ನೀವು ಇನ್ನೂ 20 ವರ್ಷ ಗಟ್ಟಿಯಾಗಿ ಇದ್ರಿ ಅಂದ್ರ, ಇರ್ರಿ ಅಂತನ ನನ್ನ ಆಸೆ, ವರ್ಷಕ್ಕ 6 ಪರ್ಸೆಂಟ್ ಬೆಲಿ ಏರಿದ್ರ ಆ 5 ಲಕ್ಷಕ್ಕ ಇವತ್ತಿನ ಒಂದೂವರಿ ಲಕ್ಷದ ಕಿಮ್ಮತ್ತು ಉಳೀತೈತಿ. ಇನ್ನೊಂದು ಕಡಿ, ಆಸ್ಪತ್ರೆ ಖರ್ಚಿಗಂತ ಎಫ್‌ಡಿ ಮುರದು ಕೈಯಾಗ ಬರೇ 6 ಲಕ್ಷ ಉಳೀತು, ಅದರಾಗ ಕಡ್ಡಾಯ 5 ಲಕ್ಷ ಸಂಶೋಧನೆಗೆ ಅಂದ್ರ ಮನಿಯವರು ಏನು ಮಾಡಬೇಕು? ಪರ್ಸೆಂಟ್ ಆದ್ರ ಇಬ್ಬರಿಗೂ ನ್ಯಾಯ ಆಗ್ತೈತಿ. ಎರಡನೇದು, ಉದ್ದೇಶವನ್ನ ಹಂತ ಹಂತವಾಗಿ ಸಡಿಲ ಬಿಟ್ಟಿದ್ದು. ಭಾಳ ಮಂದಿ ಇಂಥ ರೋಗಕ್ಕ, ಇಂಥ ಔಷಧಿಗೆ, ಇಂಥ ಡಾಕ್ಟರ ಕೈಯಾಗನ ಅಂತ ಬಿಗಿ ಹಾಕ್ತಾರ. ಆ ಡಾಕ್ಟರು ಬಿಟ್ಟು ಹೋಗ್ತಾರ, ಆ ರೋಗಕ್ಕ ಔಷಧಿ ಸಿಕ್ಕೇ ಬಿಡ್ತೈತಿ, ಆಗ ದುಡ್ಡು ಬ್ಯಾಂಕಿನ್ಯಾಗ ಕೊಳೀತೈತಿ, ಉದ್ದೇಶ ಬದಲಿ ಮಾಡಾಕ ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಕಲಮಿನ ಪ್ರಕಾರ ಕೋರ್ಟಿಗೆ ಬರಬೇಕಾಗ್ತೈತಿ, ಅದು ವರ್ಷಗಟ್ಟಲೆ ಕೆಲಸ. ಸಂಶೋಧನೆ ಎಲ್ಲಿಗೆ ಹೋಗಿ ಮುಟ್ಟತೈತಿ ಅಂತ ಇವತ್ತ ಯಾರಿಗೂ ಹೇಳಾಕ ಬರೂದಿಲ್ಲ, ಅದಕ್ಕ ಅದರ ಕೈ ಕಟ್ಟಬ್ಯಾಡ್ರಿ. ಅಕ್ಕನ ಹೆಸರು ಇಡಬೇಕು ಅಂತ ಇದ್ರ ಅದನ್ನೂ ಬರೀರಿ, ಇಂಥವರ ಸ್ಮರಣಾರ್ಥ ಸಂಶೋಧನಾ ದತ್ತಿ ಅಂತ, ಸಾಮಾನ್ಯವಾಗಿ ಒಪ್ಕೋತಾರ.

ಮೂಲಧನ ಮಾಡಿ ಬರೇ ಬಡ್ಡಿ ಬಳಸಬೇಕಾ, ಇಲ್ಲಾ ಪೂರ್ತಿ ಖರ್ಚು ಮಾಡಬಹುದಾ ಅನ್ನೂದನ್ನೂ ಬರೀಬೇಕು, ಸುಮ್ಮನಿದ್ರ ಮುಂದ ಜಗಳ. ನನ್ನ ಅಭಿಪ್ರಾಯ ಕೇಳಿದ್ರ, 10 ಲಕ್ಷಕ್ಕಿಂತ ಕಡಿಮಿ ಇದ್ರ ಮೂಲಧನ ಮಾಡೂದು ಬ್ಯಾಡ, ಬಡ್ಡಿ ವರ್ಷಾ ವರ್ಷಾ ಕಿಮ್ಮತ್ತು ಕಳಕೊಂಡು ಕಡಿಗೆ ಒಂದು ಸರ್ಟಿಫಿಕೇಟ್ ಹಂಚಾಕೂ ಸಾಲೂದಿಲ್ಲ, ಅದರ ಬದಲಿ 5 ವರ್ಷದಾಗ ಪೂರ್ತಿ ಸಂಶೋಧನೆಗೆ ಖರ್ಚು ಮಾಡ್ರಿ ಅಂತ ಬರದ್ರ ಒಂದಾದ್ರೂ ಕೆಲಸ ಗಟ್ಟಿ ಆಗ್ತೈತಿ.

ಇದೆಲ್ಲಕ್ಕೂ ಮುಖ್ಯ, ಬರೆಯೂ ಮೊದಲ ಸಂಸ್ಥೆಯವರ ಜೋಡಿ ಕುಂತು ಮಾತಾಡ್ರಿ. ಆಲ್ಫ್ರೆಡ್ ನೊಬೆಲ್ 1895ರಾಗ ಮೃತ್ಯುಪತ್ರ ಬರದಾಗ ವೈದ್ಯಕೀಯ ಪ್ರಶಸ್ತಿ ಆರಿಸೂ ಕೆಲಸ ಸ್ಟಾಕ್‌ಹೋಮಿನ ಕ್ಯಾರೊಲಿನ್ಸ್ಕಾ ಸಂಸ್ಥೆಗೆ ಅಂತ ಬರದ್ರು, ಆದ್ರ ಆ ಸಂಸ್ಥೆಗೋಳನ್ನ ಮೊದಲ ಕೇಳಿರ್ಲಿಲ್ಲ, ಬೀಗರು ಬಿಜ್ಜರು ತಕರಾರು ತಗದ್ರು, 1896ರಾಗ ಅವರು ತೀರ್ಕೊಂಡ್ರ ಮೊದಲನೇ ಪ್ರಶಸ್ತಿ ಕೊಟ್ಟಿದ್ದು 1901ರಾಗ. ಅಷ್ಟು ದೊಡ್ಡ ಶ್ರೀಮಂತನ ಉಯಿಲಿಗೇ ಅಷ್ಟು ಹೊತ್ತು ಹಿಡೀತು. ನೀವು ಕಾಲೇಜಿನ ರಿಸರ್ಚ್ ವಿಭಾಗಕ್ಕ ಹೋಗ್ರಿ, ಡೀನ್ ಇಲ್ಲಾ ಪ್ರಿನ್ಸಿಪಾಲರನ್ನ ಕಾಣ್ರಿ, ಇಂಥ ದೇಣಿಗೆ ಬಂದ್ರ ಬ್ಯಾರೆ ಲೆಕ್ಕದಾಗ ಇಡ್ತೀರಾ ಅಂತ ಕೇಳ್ರಿ, ಆಡಿಟ್ ಆದ ವಾರ್ಷಿಕ ವರದಿ ಕೇಳ್ರಿ, ಇನ್‌ಕಮ್ ಟ್ಯಾಕ್ಸ್ ಕಡೆಯಿಂದ ಧರ್ಮಾರ್ಥ ಸಂಸ್ಥೆ ಅಂತ ರಜಿಸ್ಟ್ರೇಶನ್ ಚಾಲ್ತ್ಯಾಗ ಐತಾ ನೋಡ್ರಿ, ಸಂಶೋಧನೆ ನ್ಯಾಯವಾಗಿ ನಡೀತೈತೋ ಇಲ್ಲೋ ಅಂತ ನೋಡೂ ಎಥಿಕ್ಸ್ ಕಮಿಟಿ ಐತಾ ಕೇಳ್ರಿ. ಅವರ ಸಂಶೋಧನೆಗೋಳು ಸಿಟಿಆರ್‌ಐ ಅನ್ನೂ ಸರ್ಕಾರಿ ರಿಜಿಸ್ಟ್ರಿಯೊಳಗ ಸಿಗ್ತಾವ, ಔಷಧಿ ಪರೀಕ್ಷೆ ಮಾಡೂ ಅಧ್ಯಯನ ಅಲ್ಲಿ ನೋಂದಣಿ ಆಗೂದು 2009ರಿಂದ ಕಡ್ಡಾಯ, ಮಗಳಿಗೆ ಹೇಳಿದ್ರ ಮೊಬೈಲಿನ್ಯಾಗನ ತಗದು ತೋರಸ್ತಾಳ. ಕೆಲವು ಆಸ್ಪತ್ರೆಗೋಳು ಕಂಪನಿ ಆಗಿರ್ತಾವ, ಚಂದ ಕಟ್ಟಡ ಇದ್ರೂ ಅದು ಲಾಭದ ವ್ಯವಹಾರ, ಅಲ್ಲಿ ದಾನ ಕೊಡೂ ಮಾತೇ ಬರೂದಿಲ್ಲ.

ಇನ್ನ ಯಾವ ಆಸ್ತಿಯೊಳಗಿಂದ ಕೊಡೂದು. ಹೊಲ ಬಿಟ್ಟುಬಿಡ್ರಿ. ಅಜ್ಜನ ಹೊಲ ವಾಟ್ನಿ ಆಗಿ ನಿಮಗ ಬಂದದ್ದಾದ್ರ ಅದರಾಗ ಮಗನಿಗೂ ಮಗಳಿಗೂ ಹುಟ್ಟಿನಿಂದನ ಪಾಲು ಐತಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಮ್ಯಾಲಂತೂ ಮಗಳ ಹಕ್ಕಿನ ಬಗ್ಗೆ ವಾದನ ಉಳಿದಿಲ್ಲ, ನೀವು ಬರೀಬಹುದಾದ್ದು ನಿಮ್ಮ ಪಾಲಿಗೆ ಅಷ್ಟ. ಮ್ಯಾಲ ಸಂಸ್ಥೆ ಹೆಸರಿಗೆ ಉತಾರ ಬದಲಿ ಮಾಡಸೂದು, ಅವರು ಅದನ್ನ ಮಾರಿ ದುಡ್ಡು ಮಾಡೂದು, ಭೂ ಸುಧಾರಣೆ ಕಾಯ್ದೆ, ಎಲ್ಲಾ ಸೇರಿ ನಿಮ್ಮ ದಾನ ಅಲ್ಲೇ ಸಿಕ್ಕೋತೈತಿ.

ಮನಿ ವಿಷಯದಾಗ ಒಂದು ಸೂಕ್ಷ್ಮ ಐತಿ, ಇದನ್ನ ಓದಿ ಗಟ್ಟಿಯಾಗಿ ನೆನಪಿಡ್ರಿ. ಭಾಳ ಮಂದಿ "ಹೆಂಡ್ತಿ ಇರೂ ತನಕ ಮನಿ ಆಕಿ ಅನುಭವಿಸಲಿ, ಆಕಿ ನಂತರ ಮಾರಿ ಸಂಶೋಧನೆಗೆ ಕೊಡ್ರಿ" ಅಂತ ಬರಸ್ತಾರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಮತ್ತ 1977ರ ತುಳಸಮ್ಮ ಕೇಸಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಹೆಂಡ್ತಿಗೆ ಅಕಿಯ ಜೀವನಾಂಶದ ಹಕ್ಕಿಗಾಗಿ ಕೊಟ್ಟ ಆಸ್ತಿಯೊಳಗ ಅಕಿಯ ಸೀಮಿತ ಹಕ್ಕು ಪೂರ್ಣ ಮಾಲಕಿ ಆಗಿಬಿಡಬಹುದು, ಆಗ ನೀವು ಮುಂದ ಬರದ ಸಾಲು ಬಿದ್ದು ಹೋಗ್ತೈತಿ. ಅದೇನು ತಪ್ಪಲ್ಲ, ಅಕಿ ಹಕ್ಕು ಅದು, ಮತ್ತ ಅಕಿಗೆ ನೆಮ್ಮದಿಯ ವ್ಯವಸ್ಥೆ ಆದ ಮ್ಯಾಲನ ದಾನದ ಮಾತು. ಹಂಗಾಗಿ ಮನಿ ಹೆಂಡ್ತಿ ಹೆಸರಿಗೆ ಪೂರ್ತಿ ಬರೀರಿ, ದಾನವನ್ನ ಎಫ್‌ಡಿ, ಮ್ಯೂಚುವಲ್ ಫಂಡ್ ಇಂಥವುಗಳಿಂದ ತಗೀರಿ. ಮನ್ಯಾಗಿಂದ ಒಂದು ಭಾಗ ಸಂಶೋಧನೆಗೆ ಹೋಗಬೇಕು ಅಂತ ಅಕಿಗೂ ಇದ್ರ ಅಕಿ ತನ್ನ ಮೃತ್ಯುಪತ್ರ ಬ್ಯಾರೆ ಬರೀಲಿ.

ಎಫ್‌ಡಿದಾಗೂ ಒಂದು ಕೊಂಡಿ ಐತಿ, ಅದು ನಾಮಿನಿ. ನೀವು ಮಗನ್ನ ನಾಮಿನಿ ಮಾಡಿದ್ರಿ, ಮೃತ್ಯುಪತ್ರದಾಗ 25 ಪರ್ಸೆಂಟ್ ಕಾಲೇಜಿಗೆ ಬರದ್ರಿ ಅನ್ರಿ, ಬ್ಯಾಂಕು ದುಡ್ಡು ಕೊಡೂದು ಮಗನಿಗೆ. ನಾಮಿನಿ ಅಂದ್ರ ಮಾಲಕ ಅಲ್ಲ, ಹಕ್ಕುದಾರರ ಪರವಾಗಿ ದುಡ್ಡು ತೊಗೊಳ್ಳಾಂವ ಅಂತ ಕೋರ್ಟುಗೋಳು ಮತ್ತ ಮತ್ತ ಹೇಳ್ಯಾವ, ಆದ್ರ ಅಂವ ಕೊಡದಿದ್ರ ಕಾಲೇಜಿನವರು ಕೇಸ್ ಹಾಕಬೇಕು, ಹಾಕ್ತಾರಂತ ನಂಬಬ್ಯಾಡ್ರಿ. ಎಫ್‌ಡಿಗೆ ಸಂಸ್ಥೆಯನ್ನ ನಾಮಿನಿ ಮಾಡಾಕ ಬರೂದಿಲ್ಲ, ವ್ಯಕ್ತಿ ಆಗಿರಬೇಕು. ಅದಕ್ಕ ನಾನು ಎಲ್ಲಾರಿಗೂ ಹೇಳೂದು, ಎಕ್ಸಿಕ್ಯೂಟರ್ ಯಾರೋ ನಾಮಿನಿನೂ ಅವರನ್ನ ಮಾಡ್ರಿ. ನಿಮ್ಮ ಮಗಳು ಹುಬ್ಬಳ್ಳ್ಯಾಗ ಇರೂದ್ರಿಂದ ಮಗಳನ್ನ ಎಕ್ಸಿಕ್ಯೂಟರ್ ಮಾಡಿದ್ರ ಓಡಾಡಾಕ ಸಲೀಸು. ಗಂಡ ಹೆಂಡ್ತಿ ಜಾಯಿಂಟ್ ಹೆಸರಿನ ಎಫ್‌ಡಿ ಇದ್ರ ಬ್ಯಾಂಕಿನವರು ದುಡ್ಡು ಹೆಂಡ್ತಿ ಕೈಗೆ ಕೊಡ್ತಾರ, ಹಂಗಾಗಿ ದಾನಕ್ಕಂತ ತಗದಿಟ್ಟ ಎಫ್‌ಡಿ ನಿಮ್ಮ ಒಬ್ಬರ ಹೆಸರಿನ್ಯಾಗ ಇರ್ಲಿ.

ಬರೆಯೂ ಕ್ರಮ ಕಠಿಣ ಇಲ್ಲ. ಸಾದಾ ಹಾಳಿ ಸಾಕು, ಸ್ಟ್ಯಾಂಪ್ ಡ್ಯೂಟಿ ಇಲ್ಲ, ಕನ್ನಡದಾಗ ಬರೀರಿ, ಮರಾಠಿಯೊಳಗ ಬರದ್ರೂ ಊರ್ಜಿತ. 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ಸಹಿ, ಮತ್ತ ನೀವು ಸಹಿ ಮಾಡಿದ್ದನ್ನ ನೋಡಿದ ಇಬ್ಬರು ಸಾಕ್ಷಿದಾರರ ಸಹಿ ಬೇಕು. ಸಾಕ್ಷಿಗೆ ನಿಮಗಿಂತ ಸಣ್ಣ ವಯಸ್ಸಿನವರನ್ನ ಹಿಡೀರಿ, ಯಾಕಂದ್ರ ಮುಂದ ತಕರಾರು ಬಂದ್ರ ಅವರೊಳಗ ಒಬ್ಬರಾದ್ರೂ ಕೋರ್ಟಿಗೆ ಬಂದು ಹೇಳಬೇಕು. ಆಸ್ತಿ ಪಡಿಯೂ ಯಾರೂ ಸಾಕ್ಷಿ ಹಾಕೂದು ಬ್ಯಾಡ, ಆ ಕಾಲೇಜಿನ ನೌಕರರೂ ಬ್ಯಾಡ. ನಿಮ್ಮ ಫ್ಯಾಮಿಲಿ ಡಾಕ್ಟರು ಒಬ್ರು ಸಾಕ್ಷಿ ಆದ್ರ ಭಾಳ ಚಲೋ, ನಿಮ್ಮ ಬುದ್ಧಿ ಸ್ಥಿರ ಇತ್ತು ಅನ್ನೂದಕ್ಕ ಗಟ್ಟಿ ಪುರಾವೆ ಆಗ್ತೈತಿ. ರಜಿಸ್ಟರ್ ಮಾಡಸೂದು ಕಡ್ಡಾಯ ಇಲ್ಲ, ಆದ್ರ ದಾನ ಇದ್ದ ಮೃತ್ಯುಪತ್ರನ್ನ ನಾನು ರಜಿಸ್ಟರ್ ಮಾಡಸ್ರಿ ಅಂತನ ಹೇಳ್ತೇನಿ. ನಮ್ಮ ಕಡಿ ಹಿಂದೂಗಳ ಮೃತ್ಯುಪತ್ರಕ್ಕ ಪ್ರೊಬೇಟ್, ಅಂದ್ರ ಮೃತ್ಯುಪತ್ರ ಖರೆ ಅಂತ ಕೋರ್ಟ್ ಕೊಡೂ ಪ್ರಮಾಣಪತ್ರ, ಕಡ್ಡಾಯ ಇಲ್ಲ, ಮುಂಬೈ ಚೆನ್ನೈದಾಗ ಅದು ಬೇಕಾಗಿದ್ದ ಕಥಿ ಕೇಳಿ ಹೆದರಬ್ಯಾಡ್ರಿ. ಮೈಸೂರು ರಾಜ್ಯದಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನ್ಯಾಗ 1958ರಾಗನ ಸುಪ್ರೀಂ ಕೋರ್ಟ್ ಹೇಳೈತಿ, ಮೃತ್ಯುಪತ್ರದ ಸುತ್ತ ಸಂಶಯದ ಸಂಗತಿ ಇದ್ರ ಅದನ್ನ ಮುಂದ ಮಾಡಿದವರೇ ಆ ಸಂಶಯ ತಗೀಬೇಕು ಅಂತ. ಮಕ್ಕಳಿಗೆ ಕಡಿಮಿ ಕೊಟ್ಟು ಹೊರಗಿನವರಿಗೆ ಕೊಟ್ರ ಸಂಶಯ ಬರೂದು ಸಹಜ, ಅದಕ್ಕ ಯಾಕ ಕೊಡ್ತೇನಿ ಅಂತ ಅಕ್ಕನ ವಿಷಯ ನಾಕು ಸಾಲು ನಿಮ್ಮ ಮಾತಿನ್ಯಾಗನ ಬರೀರಿ, ವಕೀಲರ ಮಾತಿನ್ಯಾಗ ಬ್ಯಾಡ.

ಈ ಲೆಕ್ಕ ಹಿಂದೂಗಳಿಗೆ. ಮುಸ್ಲಿಂ ಓದುಗರಿದ್ರ, ವಾರಸುದಾರರ ಒಪ್ಪಿಗಿ ಇಲ್ಲದ ಆಸ್ತಿಯ ಮೂರರೊಳಗ ಒಂದು ಭಾಗದ ತನಕ ಮಾತ್ರ ವಸೀಯತ್ ಮಾಡಬಹುದು. ಕ್ರಿಶ್ಚಿಯನ್ನರಿಗೆ ಧರ್ಮಕಾರ್ಯಕ್ಕ ಬರಿಯಾಕ ಇದ್ದ ಹಳೇ ನಿರ್ಬಂಧವನ್ನ ಸುಪ್ರೀಂ ಕೋರ್ಟ್ 2003ರಾಗ ತಗದು ಹಾಕೈತಿ.

ದೇಹದಾನ ಮಾಡೂ ವಿಚಾರ ಇದ್ದವರು ಅದನ್ನ ಬರೇ ಮೃತ್ಯುಪತ್ರದಾಗ ಬರದು ಸುಮ್ಮ ಕುಂಡ್ರಬ್ಯಾಡ್ರಿ. ಮೃತ್ಯುಪತ್ರ ತಗದು ಓದೂದು ಹೆಚ್ಚಾಗಿ ದಿನ ಕರ್ಮ ಎಲ್ಲಾ ಮುಗದ ಮ್ಯಾಲ, ಕಣ್ಣು ತೊಗೊಳ್ಳಾಕ ಇರೂ ಟೈಮ್ ಸುಮಾರು 6 ತಾಸು. ಅದಕ್ಕ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಾಗ ಫಾರ್ಮ್ ತುಂಬಿ ಮನಿಯವರಿಗೆಲ್ಲಾ ಮೊದಲ ಹೇಳಿಡಬೇಕು.

ಕಡಿಗೆ ಟ್ಯಾಕ್ಸ್. ಕೆಲವು ಪರದೇಶಗೋಳಾಗ ಸತ್ತವರ ಆಸ್ತಿ ಮ್ಯಾಲ ತೆರಿಗಿ ಇರ್ತೈತಿ, ದಾನ ಬರದ್ರ ಅದು ಕಡಿಮಿ ಆಗ್ತೈತಿ, ನಮ್ಮಲ್ಲಿ ಎಸ್ಟೇಟ್ ಡ್ಯೂಟಿ ಅನ್ನೂ ಅಂಥ ತೆರಿಗಿ 1985ರಾಗ ಹೋತು, ಹಂಗಾಗಿ ಉಳಿಸೂ ಪ್ರಶ್ನೆನ ಇಲ್ಲ. 80ಜಿ ಅಂತಾರಲ್ಲ, ದೇಣಿಗೆಗೆ ಸಿಗೂ ಇನ್‌ಕಮ್ ಟ್ಯಾಕ್ಸ್ ವಿನಾಯ್ತಿ, ಅದು ಸಿಗೂದು ಬದುಕಿದ್ದಾಗ ಕೊಟ್ಟ ದೇಣಿಗೆಗೆ, ಅದೂ ಹಳೇ ಟ್ಯಾಕ್ಸ್ ಪದ್ಧತಿ ಆರಿಸಿಕೊಂಡವರಿಗೆ, 2000 ರೂಪಾಯಿ ಮ್ಯಾಲಿಂದು ಚೆಕ್ ಇಲ್ಲಾ ಬ್ಯಾಂಕ್ ಮೂಲಕ ಕೊಟ್ರ ಮಾತ್ರ. ಹಂಗಂತ ದಾನಪತ್ರ ಮಾಡಿ ಈಗಲೇ ಎಲ್ಲಾ ಕೊಟ್ಟುಬಿಡಬ್ಯಾಡ್ರಿ, ರಜಿಸ್ಟರ್ ಆದ ದಾನಪತ್ರ ವಾಪಸ್ ತೊಗೊಳ್ಳೂದು ಭಾಳ ಕಷ್ಟ, ಮುಂದ ನಿಮ್ಮ ಔಷಧಿ ಖರ್ಚಿಗೆ ಕೈ ಒಡ್ಡೂ ಹಂಗ ಆಗಬಾರದು. ನಾನು ಹೇಳೂದು ಏನಂದ್ರ ಈ ವರ್ಷನ ನೀವು ಆರಿಸಿದ ಕಾಲೇಜಿಗೆ 20-25 ಸಾವಿರ ಕೊಟ್ಟು ನೋಡ್ರಿ, ತಾಯಂದಿರ ಆರೋಗ್ಯದ ಸಂಶೋಧನೆಗೆ ಅಂತ ಪತ್ರ ಹಚ್ಚಿ, ಮಗನ್ನೂ ಜೋಡಿ ಕರಕೊಂಡು ಹೋಗ್ರಿ. ರಸೀದಿ ಹೆಂಗ ಕೊಡ್ತಾರ, ವರ್ಷ ಆದ ಮ್ಯಾಲ ಇಂಥಾದ್ದಕ್ಕ ಖರ್ಚು ಮಾಡೇವಿ ಅಂತ ತಿಳಸ್ತಾರೋ ಇಲ್ಲೋ ನೋಡ್ರಿ. ತಿಳಿಸಿದ್ರ ಅದೇ ಹೆಸರು ಮೃತ್ಯುಪತ್ರದಾಗ ಇರ್ಲಿ, ಇಲ್ಲಂದ್ರ ಹೆಸರು ಬದಲಿ ಮಾಡ್ರಿ, ಮೃತ್ಯುಪತ್ರ ಎಷ್ಟು ಸಲ ಬೇಕಾದ್ರೂ ತಿದ್ದಿ ಬರೀಬಹುದು, ಕಡಿಗೆ ಬರದದ್ದ ನಡಿಯೂದು.